ಬಾಳೆ ಎಲೆ ತಂದವಳು

ಬೈರಿದೇವರಕೊಪ್ಪ, ಹುಬ್ಬಳ್ಳಿ
೧೨ ಜುಲೈ ೨೦೨೫

ಈ ಪತ್ರ ಒಡೆದು ಓದುತ್ತಿರುವವರು ಯಾರೇ ಆಗಿರಿ, ಪ್ರಭಾವತಿ ಟೀಚರ್ ಅಲ್ಲದಿದ್ದರೆ ಇಲ್ಲಿಗೇ ಮಡಚಿ ಅವರ ಟೇಬಲ್ ಮೇಲೆ ಇಡಿ. ಇನ್ನೂ ಓದುತ್ತಿದ್ದೀರಲ್ಲ, ನಾಚಿಕೆ ಅನ್ನುವುದು ಇದೆಯೋ ಇಲ್ಲವೋ. ಹೆಡ್ ಮಾಸ್ತರರಾದರೂ ಅಷ್ಟೇ. ಮಕ್ಕಳಿಗೆ ಶಿಸ್ತು ಹೇಳುವವರು ಪರರ ಪಾಕೀಟು ಒಡೆಯಬಾರದು.

ಇನ್ನು ಓದುತ್ತಿರುವವರು ನೀವೇ ಆಗಿದ್ದರೆ, ಟೀಚರ್, ನೆಟ್ಟಗೆ ಕುಳಿತು ಓದಿ. ನಡುವೆ ಎದ್ದು ಹೋಗುವ ಚಟ ನಿಮಗಿದೆ, ಅದನ್ನು ನಾನು ನೋಡಿದ್ದೇನೆ. ನಾನು ಅಕ್ಕವ್ವ. ಹೋದ ವರ್ಷ ಏಳನೆಯ ಇಯತ್ತೆಯಲ್ಲಿ ನಿಮ್ಮ ಕೈಕೆಳಗೆ ಕಲಿತ ಪೂನಮ್‌ಳ ಆಯಿ, ಅವಳಪ್ಪ ಯಲ್ಲೇಶನ ತಾಯಿ. ಎಷ್ಟು ಸಲ ಫೋನು ಮಾಡಿದರೂ ನೀವು ಎತ್ತಲಿಲ್ಲ. ಎತ್ತಿದ ಒಂದು ದಿನ ‘ಕ್ಲಾಸಿನ್ಯಾಗ ಇದ್ದೇನ್ರಿ’ ಎಂದು ಇಟ್ಟುಬಿಟ್ಟಿರಿ. ಕಾಗದವನ್ನು ಹಾಗೆ ಇಡಲು ಬರುವುದಿಲ್ಲ. ನಮ್ಮೂರ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಗೆ ನನ್ನ ಪಾಟಿ ಕಸಿದುಕೊಂಡು ಹೊಲಕ್ಕೆ ಕಳಿಸಿದರು, ಆದ್ದರಿಂದ ಅಕ್ಷರ ಸೊಟ್ಟಗಿವೆ. ತಪ್ಪು ಬಿದ್ದಲ್ಲಿ ಕೆಂಪು ಗೆರೆ ಎಳೆದುಕೊಳ್ಳಿ. ಆದರೆ ಉತ್ತರ ಬರೆಯಿರಿ.

ಹುಮನಾಬಾದದಿಂದ ನೀವು ಕಳಿಸಿದ ಪುಸ್ತಕ ಮುಟ್ಟಿತು. ‘ನಮ್ಮ ಏಳನೆಯ ತರಗತಿ: ಕೂಡಿ ಕಳೆದ ವರ್ಷ’. ವರ್ಗವಾಗಿ ಅಷ್ಟು ದೂರ ಹೋದಮೇಲೂ ಮಕ್ಕಳು ಬರೆದ ನೆನಪುಗಳನ್ನು ಅಚ್ಚು ಹಾಕಿಸಿ ಮನೆಮನೆಗೆ ಕಳಿಸಿದಿರಿ ಎಂದು ಓಣಿಯೆಲ್ಲ ಹೊಗಳುತ್ತಿದೆ. ನಾನೂ ಕನ್ನಡಕ ಏರಿಸಿಕೊಂಡು ಓದಿದೆ. ಹೆಚ್ಚಿನ ಮಕ್ಕಳು ಒಂದೇ ದಿನದ ಬಗ್ಗೆ ಬರೆದಿವೆ. ಫೆಬ್ರುವರಿಯ ಬೀಳ್ಕೊಡುಗೆ, ಪ್ರತಿಯೊಬ್ಬರೂ ಮನೆಯಿಂದ ಒಂದೊಂದು ಅಡುಗೆ ತಂದು, ಹಂಚಿಕೊಂಡು, ಸಾಲಾಗಿ ಕುಳಿತು ಉಂಡ ದಿನ. ಬಿಂದುಮಾಧವನ ಮನೆಯ ಹಯಗ್ರೀವ, ಮುಕ್ತಾರನ ಮನೆಯ ಸುರಕುಂಬಾ, ಸೌಮ್ಯಾಳ ಮನೆಯ ಶೇಂಗಾ ಉಂಡಿ. ಓದುತ್ತಿದ್ದರೆ ಬಾಯಲ್ಲಿ ನೀರು ಬರಬೇಕು. ನನಗೆ ಕಹಿ ಬಂತು.

ಪೂನಮ್‌ಳ ಹೆಸರಿನ ಕೆಳಗೆ ಹೀಗಿದೆ: ‘ನಾನು ಎಲ್ಲರಿಗೂ ಬಾಳೆ ಎಲೆ ತಂದುಕೊಟ್ಟೆ. ಅದು ನನ್ನ ಜೀವನದ ಅತ್ಯಂತ ಸಂತೋಷದ ಕ್ಷಣ.’ ಟೀಚರ್, ನಮ್ಮ ಮನೆಯಲ್ಲಿ ಯಾರೂ ‘ಅತ್ಯಂತ’ ಅನ್ನುವುದಿಲ್ಲ. ಹುಡುಗಿಯನ್ನು ಕೇಳಿದರೆ ತಾನು ಆ ಹಾಳೆಯನ್ನು ಖಾಲಿ ಕೊಟ್ಟೆ ಎಂದಳು. ಹಾಗಾದರೆ ಈ ಸಂತೋಷ ಯಾರದು?

ಆ ದಿನದ ಸಂಗತಿ ನಾನು ಹೇಳುತ್ತೇನೆ, ಅದನ್ನೂ ಅಚ್ಚು ಹಾಕಿಸಿ. ಪೂನಮ್ ಒಂದು ವಾರದಿಂದ ಹೋಳಿಗೆ, ಹೋಳಿಗೆ ಎಂದು ನನ್ನ ಸೆರಗು ಜಗ್ಗುತ್ತಿದ್ದಳು. ನಾನು ಕಡಲೆಬೇಳೆ ಆರಿಸಿ, ಬೆಲ್ಲ ಕುಟ್ಟಿ ಇಟ್ಟಿದ್ದೆ. ಹಿಂದಿನ ದಿನ ಸಂಜೆ ಸಾಲೆಯಿಂದ ಬಂದವಳು ಪಾಟಿಚೀಲ ಇಳಿಸದೆ ಬಾಗಿಲಲ್ಲೇ ನಿಂತಳು.

‘ಆಯಿ, ಹೋಳಿಗಿ ಬ್ಯಾಡ. ಟೀಚರ್ ನನಗ ಬಾಳಿ ಎಲಿ ತಾ ಅಂದಾರ.’

‘ಎಲಿ ಯಾರರ ತರ್ತಾರ. ನೀ ಹೋಳಿಗಿ ಒಯ್ಯಿ.’

‘ಒಬ್ಬೊಬ್ರಿಗೆ ಒಂದೊಂದು ಹಂಚ್ಯಾರ ಆಯಿ. ನಂದು ಎಲಿ.’

ಮರುದಿನ ಬೆಳಿಗ್ಗೆ ನಾನೇ ದುರ್ಗದಬೈಲಿಗೆ ಹೋಗಿ ಎಲೆ ತಂದೆ. ಸೀಳದ, ಹರಿಯದ ಎಲೆಗಳನ್ನು ಆರಿಸುವಾಗ ಮಾರುವವನು ‘ಏನಬೇ, ಮದುವಿಗೇನು’ ಎಂದು ನಕ್ಕ. ಮಕ್ಕಳು ಅದರ ಮೇಲೆ ಉಂಡವು. ಉಂಡಾದ ಮೇಲೆ ಮಡಚಿ ಎಸೆದವು. ನಮ್ಮ ಮನೆಯಿಂದ ಆ ಊಟಕ್ಕೆ ಹೋದದ್ದು ಎಸೆಯುವ ವಸ್ತು ಮಾತ್ರ.

ಅದಕ್ಕೂ ಮೊದಲು, ವರ್ಷದ ಸುರುವಿಗೆ, ನೀವು ಮನೆ ಭೆಟ್ಟಿಗೆಂದು ನಮ್ಮಲ್ಲಿಗೆ ಬಂದಿದ್ದಿರಿ. ಗೋಡೆಯ ಮೇಲಿನ ಬಾಬಾಸಾಹೇಬರ ಫೋಟೊ ನೋಡಿದಿರಿ. ನಾನು ಚಹಾ ತಂದಿಟ್ಟು, ‘ಯಾವೂರವರ್ರಿ ನೀವು’ ಎಂದೆ. ‘ಈಗರ ಕುಡದು ಬಂದೇನ್ರಿ’ ಎಂದು ಎದ್ದಿರಿ. ನಾನು ಕೇಳಿದ್ದು ಊರು, ನೀವು ಹೇಳಿದ್ದು ಚಹಾ. ಕಪ್ಪಿನಲ್ಲಿಯ ಚಹಾ ಕೆನೆ ಕಟ್ಟಿ ಹಾಗೇ ಕುಳಿತಿತ್ತು. ಪೂನಮ್ ಅದನ್ನು ನೋಡುತ್ತ ನಿಂತಿದ್ದಳು. ಅವತ್ತೇ ನನಗೆ ನೀವು ಯಾರ ಪೈಕಿ ಎಂದು ತಿಳಿಯಿತು.

ಇದನ್ನೆಲ್ಲ ಈಗ ಯಾಕೆ ತೆಗೆದೆ ಎನ್ನುತ್ತೀರಿ. ಯಲ್ಲೇಶ ಅವಳನ್ನು ಎಂಟನೆಯದಕ್ಕೆ ಖಾಸಗಿ ಹೈಸ್ಕೂಲಿಗೆ ಹಾಕಿದ್ದಾನೆ. ಅಲ್ಲಿ ಸರಕಾರದ ಬಿಸಿಯೂಟ ಇಲ್ಲ, ಎಲ್ಲರೂ ಮನೆಯ ಡಬ್ಬಿ ತೆರೆದು ಉಣ್ಣಬೇಕು. ಇವಳು ತೆರೆಯುವುದಿಲ್ಲ. ನಾನು ಕಟ್ಟಿಕೊಟ್ಟ ರೊಟ್ಟಿ ಸಂಜೆ ಹಾಗೇ ಮರಳಿ ಬರುತ್ತದೆ. ಕೇಳಿದರೆ ‘ಹಸಿವಿಲ್ಲ’. ಹೋದ ವಾರ ಪ್ರಾರ್ಥನೆಗೆ ನಿಂತವಳು ಕಣ್ಣು ಕತ್ತಲಿಟ್ಟು ಬಿದ್ದು, ಹುಬ್ಬು ಒಡೆದುಕೊಂಡು ಬಂದಿದ್ದಾಳೆ. ಅವಳ ಬಾಯಿ ಕಟ್ಟಿದ್ದು ನಿಮ್ಮ ಬಾಳೆ ಎಲೆ ಎಂದು ನನಗೆ ಅನಿಸುತ್ತದೆ.

ನನ್ನ ಹೋಳಿಗೆಯಲ್ಲಿ ಏನು ಕೊರತೆ ಕಂಡಿರಿ, ಅದನ್ನು ಬರೆಯಿರಿ.

ಅಕ್ಕವ್ವ


ಸರಕಾರಿ ಹಿರಿಯ ಪ್ರಾಥಮಿಕ ಶಾಲೆ
ಹುಮನಾಬಾದ ತಾಲೂಕು
೨೬ ಜುಲೈ ೨೦೨೫

ಮಾನ್ಯ ಶ್ರೀಮತಿ ಅಕ್ಕವ್ವ ಅವರಿಗೆ ನಮಸ್ಕಾರಗಳು.

ತಮ್ಮ ಪತ್ರ ತಲುಪಿತು. ತಾವು ಬೇಸರ ಮಾಡಿಕೊಂಡಿರುವುದು ತಿಳಿದು ವಿಷಾದವಾಯಿತು. ನೆನಪಿನ ಸಂಚಿಕೆಯಲ್ಲಿ ಪೂನಮ್‌ಳ ಪುಟ ಖಾಲಿ ಉಳಿದರೆ ಚೆನ್ನಾಗಿ ಕಾಣುವುದಿಲ್ಲವೆಂದು ನಾನೇ ಎರಡು ಸಾಲು ಸೇರಿಸಿದ್ದು ನಿಜ. ತಮಗೆ ಒಪ್ಪಿಗೆಯಿಲ್ಲದಿದ್ದರೆ ಮುಂದಿನ ಮುದ್ರಣದಲ್ಲಿ ತೆಗೆಯಬಹುದು.

ಬೀಳ್ಕೊಡುಗೆಯ ದಿನ ಎಲ್ಲರೂ ಅಡುಗೆಯನ್ನೇ ತಂದರೆ ಉಣ್ಣಲು ಎಲೆ ಇರುತ್ತಿರಲಿಲ್ಲ. ಯಾರಾದರೊಬ್ಬರು ತರಲೇಬೇಕಿತ್ತು. ಪೂನಮ್ ಜವಾಬ್ದಾರಿಯುತ ವಿದ್ಯಾರ್ಥಿನಿಯಾದ್ದರಿಂದ ಆ ಕೆಲಸ ಅವಳಿಗೆ ವಹಿಸಿದೆ. ಇದರಲ್ಲಿ ಬೇರೆ ಯಾವ ಉದ್ದೇಶವೂ ಇರಲಿಲ್ಲ. ಆ ತರಗತಿ ನನ್ನ ಸೇವಾವಧಿಯಲ್ಲಿಯೇ ಅತ್ಯಂತ ಒಗ್ಗಟ್ಟಿನ ತರಗತಿ. ವರ್ಷವಿಡೀ ಯಾವ ಮಗುವೂ ಇನ್ನೊಂದು ಮಗುವನ್ನು ಬೇರೆ ಎಂದು ಕಂಡಿಲ್ಲ. ಅದನ್ನು ಹಾಗೆಯೇ ಕಾಪಾಡಿಕೊಂಡು ಬೀಳ್ಕೊಟ್ಟೆ ಎಂಬ ಸಮಾಧಾನ ನನಗಿದೆ.

ಚಹಾದ ವಿಷಯ ನನಗೆ ನೆನಪಿಲ್ಲ. ಮನೆ ಭೆಟ್ಟಿಯ ದಿನಗಳಲ್ಲಿ ಅನೇಕ ಮನೆಗಳಿಗೆ ಹೋಗಬೇಕಾಗುತ್ತದೆ.

ಈ ವಯಸ್ಸಿನ ಹೆಣ್ಣುಮಕ್ಕಳು ಊಟ ಬಿಡುವುದು ಸಾಮಾನ್ಯ. ರಕ್ತಹೀನತೆ ಇರಬಹುದು, ವೈದ್ಯರಿಗೆ ತೋರಿಸಿ. ಸೊಪ್ಪು, ಬೆಲ್ಲ ಕೊಡಿ. ಆ ದಿನದ ಒಂದು ಫೋಟೊ ಲಗತ್ತಿಸಿದ್ದೇನೆ. ಮಕ್ಕಳ ಮುಖ ನೋಡಿದರೆ ತಮ್ಮ ಮನಸ್ಸು ಹಗುರಾಗಬಹುದು.

ತಮ್ಮ ವಿಶ್ವಾಸಿ,
ಪ್ರಭಾವತಿ
ಸಹ ಶಿಕ್ಷಕಿ


ಬೈರಿದೇವರಕೊಪ್ಪ
೬ ಆಗಸ್ಟ್ ೨೦೨೫

ಜವಾಬ್ದಾರಿಯುತ ಪ್ರಭಾವತಿ ಟೀಚರ್ ಅವರಿಗೆ,

ನಿಮ್ಮ ಪತ್ರವನ್ನು ಯಲ್ಲೇಶನ ಕೈಯಲ್ಲಿ ಕೊಟ್ಟೆ. ಅವನು ಸರಕಾರಿ ಕಚೇರಿಯಲ್ಲಿ ಕಾರಕೂನ. ಓದಿ, ‘ಅವ್ವ, ಇದು ನಮ್ಮ ಆಫೀಸಿನ ಪತ್ರ ಇದ್ದಂಗ ಐತಿ. ಎಲ್ಲಾ ಐತಿ, ಉತ್ತರ ಒಂದ ಇಲ್ಲ’ ಎಂದ. ಆಮೇಲೆ ‘ದೊಡ್ಡದು ಮಾಡಬ್ಯಾಡ, ಬಿಡು’ ಎಂದ. ಬಿಟ್ಟು ಬಿಟ್ಟು ಅವನಿಗೆ ರೂಢಿಯಾಗಿದೆ. ನನಗೆ ಆಗಿಲ್ಲ.

ವೈದ್ಯರಿಗೆ ನೀವು ಹೇಳುವ ಮೊದಲೇ ತೋರಿಸಿದ್ದೇವೆ. ರಕ್ತ ಕಡಿಮೆ ಇದೆಯಂತೆ. ಮಧ್ಯಾಹ್ನ ಉಣ್ಣದ ಮಗುವಿಗೆ ರಕ್ತ ಎಲ್ಲಿಂದ ಬರಬೇಕು ಎಂದು ಕೇಳಿದರೆ ಡಾಕ್ಟರು ಗುಳಿಗೆ ಬರೆದುಕೊಟ್ಟರು. ನೀವು ಬರೆದ ಸೊಪ್ಪು, ಬೆಲ್ಲವನ್ನೂ ಡಬ್ಬಿಗೆ ಹಾಕಿದೆ. ಅವೂ ಸಾಲೆ ನೋಡಿಕೊಂಡು ಮನೆಗೆ ಬಂದವು.

ಫೋಟೊ ನೋಡಿದೆ. ಮನಸ್ಸು ಹಗುರಾಗಲಿಲ್ಲ. ಪೂನಮ್ ಒಬ್ಬಳೇ ನಿಂತು ಎಲೆ ಹಾಸುತ್ತಿದ್ದಾಳೆ, ಉಳಿದವರೆಲ್ಲ ತಮ್ಮ ತಮ್ಮ ಡಬ್ಬಿ ಮುಂದಿಟ್ಟುಕೊಂಡು ಕುಳಿತಿದ್ದಾರೆ. ಸಾಲಿನ ತುದಿಗೆ ನೀವು. ನಿಮ್ಮ ಮುಂದೆ ಅಂಗಡಿಯ ಪೇಢೆಯ ಪೆಟ್ಟಿಗೆ, ದಾರವನ್ನೂ ಬಿಚ್ಚಿಲ್ಲ. ಮಕ್ಕಳಿಗೆ ಮನೆಯ ಅಡುಗೆ ತನ್ನಿ ಎಂದು ಹೇಳಿ ತಾನು ಅಂಗಡಿಯ ಸಿಹಿ ತಂದ ಟೀಚರನ್ನು ಈಗಲೇ ನೋಡಿದ್ದು. ಒಲೆ ಹಚ್ಚಲು ಬೇಸರ ಪಡುವ ಹೆಂಗಸು ಎಂದುಕೊಂಡೆ.

ಈಗ ಖರೇ ಮಾತಿಗೆ ಬರುತ್ತೇನೆ. ಪೂನಮ್ ಜ್ವರ ಬಂದು ಮಲಗಿದ್ದಳು. ಪಾಠ ಹೇಳಲೆಂದು ಸೌಮ್ಯಾ ಬಂದಿದ್ದಳು. ಅಮರಗೋಳದ ಕಾಳಿನ ವ್ಯಾಪಾರಿ ಶಂಭುಲಿಂಗನ ಮಗಳು. ಏಳನೆಯದರಲ್ಲಿ ಇವಳ ಬೆಂಚಿನವಳು, ಈಗಲೂ ಇವಳದೇ ಹೈಸ್ಕೂಲು. ನಾಗರ ಪಂಚಮಿಗೆಂದು ಮಾಡಿದ ಹೋಳಿಗೆ ಮನೆಯಲ್ಲಿದ್ದವು. ಅವಳು ಮೂಗು ಏರಿಸಿ ಅಡುಗೆಮನೆಯ ಕಡೆಗೇ ನೋಡುತ್ತಿದ್ದಳು.

‘ಅಜ್ಜಿ, ಹೋಳಿಗಿ ವಾಸನಿ ಬರಾಕತ್ತೇತಿ.’

‘ಬರ್ತೈತಿ. ನಿಮ್ಮವ್ವ ಬೈತಾಳ, ಸುಮ್ನ ಪಾಠ ಹೇಳು.’

‘ನಮ್ಮವ್ವ ನನ್ನ ಹೊಟ್ಟಿ ಒಳಗ ಇಣಕಿ ನೋಡ್ತಾಳೇನು? ಕೊಡು ಅಜ್ಜಿ. ಪೂನಮ್ ವರ್ಷಿಡೀ ಆಯಿ ಹೋಳಿಗಿ, ಆಯಿ ಹೋಳಿಗಿ ಅಂದು ನನ್ನ ಹೊಟ್ಟಿ ಉರಸ್ಯಾಳ.’

ನಾನು ಬೇಕೆಂದೇ ಕೇಳಿದೆ, ‘ಹಂಗಾರ ಬೀಳ್ಕೊಡುಗಿ ದಿನ ಆಕೀ ಹೋಳಿಗಿ ಬ್ಯಾಡ ಅಂದವರು ಯಾರು? ನಿಮ್ಮ ಪೈಕಿ ಯಾರಬೇ?’

‘ಯಾರೂ ಅಂದಿಲ್ಲ ಅಜ್ಜಿ. ಯಾರಿಗೂ ಕೇಳೂ ಇಲ್ಲ. ಹೋಳಿಗಿ ನಾ ತರ್ತೇನಿ ಅಂತ ಪೂನಮ್ ಕೈ ಎತ್ತಿದ್ಲು. ನಾವೆಲ್ಲ ಹೋ ಅಂದ್ವಿ. ಟೀಚರ್ ಆಕೀ ಮಾರಿ ಸುದ್ದಾ ನೋಡ್ಲಿಲ್ಲ. ನೀ ಬಾಳಿ ಎಲಿ ತಾ ಅಂದು ಮುಂದಿನವರ ಹೆಸರು ಕೂಗಿದ್ರು. ಮುಕ್ತಾರ ಎದ್ದು ನಿಂತು ಎಲಿ ನಾ ತರ್ತೇನ್ರಿ, ಆಕೀ ಹೋಳಿಗಿ ತರ್ಲಿ ಅಂದ. ಕುಂಡ್ರು ಅಂದ್ರು.’

ಆ ಹುಡುಗಿ ಹೋಳಿಗೆಯನ್ನು ನಿಂತಲ್ಲೇ ತಿಂದು, ತುಪ್ಪದ ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಇನ್ನೊಂದನ್ನು ಕಾಗದದಲ್ಲಿ ಸುತ್ತಿಸಿಕೊಂಡು ಹೋದಳು. ಪೂನಮ್ ಹಾಸಿಗೆಯಿಂದಲೇ ನೋಡುತ್ತಿದ್ದಳು. ಸೌಮ್ಯಾ ಹೋದಮೇಲೆ ಇವಳು ನನಗೆ ಅಂದದ್ದನ್ನು ಬರೆಯುತ್ತೇನೆ, ಗಮನ ಕೊಟ್ಟು ಓದಿ.

‘ಆಕಿಗೆ ಯಾಕ ಕೊಟ್ಟಿ ಆಯಿ? ಟೀಚರ್ ನಿನ್ನ ಕೈಯಾನ ಚಾ ಕುಡೀಲಿಲ್ಲ. ಅವರು ನಿನ್ನ ಕೈ ನೋಡ್ಯಾರ. ಅದಕ್ಕ ನನಗ ಎಲಿ ತಾ ಅಂದ್ರು. ಅವರಿಗೆ ತಿಳೀತೈತಿ, ಸೌಮ್ಯಾಗ ತಿಳ್ಯಾಂಗಿಲ್ಲ.’

ಹತ್ತಿ ಜಿನ್ನಿನಲ್ಲಿ ದುಡಿದ ಕೈ ನನ್ನದು. ಬೆರಳ ಸಂದಿಗಳು ಸೀಳಿ ಕಪ್ಪಾಗಿವೆ. ಇದೇ ಕೈಯಿಂದ ಕಲಸಿ ತುತ್ತು ಹಾಕಿದರೆ ಹೋದ ವರ್ಷದವರೆಗೆ ಬಾಯಿ ತೆರೆಯುತ್ತಿದ್ದಳು. ಈಗ ನಾನು ಇಟ್ಟ ಲೋಟವನ್ನು ಹಿತ್ತಲಿಗೆ ಒಯ್ದು ಮತ್ತೆ ತೊಳೆಯುತ್ತಾಳೆ. ನನಗೆ ಕಾಣದ ಹಾಗೆ ತೊಳೆಯುತ್ತಾಳೆ, ಅದೊಂದು ಮರ್ಯಾದೆ.

ಊರವರು ನನ್ನ ಕೈಯನ್ನು ಏನೆಂದರೂ ನನಗೆ ಲೆಕ್ಕವಿಲ್ಲ. ಮೊಮ್ಮಗಳು ಅನ್ನಬಾರದು. ಮಕ್ಕಳು ಬೇಡ ಅನ್ನಲಿಲ್ಲ, ಅವರ ತಾಯಂದಿರು ಬೇಡ ಅನ್ನಲಿಲ್ಲ. ಮೊದಲು ಬೇಡ ಎಂದವರು ನೀವು. ಯಾಕೆ? ಕಚೇರಿಯ ಭಾಷೆ ಬಿಟ್ಟು, ನಿಮ್ಮ ತಾಯಿಯ ಜೊತೆ ಮಾತಾಡುವ ಹಾಗೆ ಬರೆಯಿರಿ.

ಅಕ್ಕವ್ವ


ಹುಮನಾಬಾದ
೩೦ ಆಗಸ್ಟ್ ೨೦೨೫

ಅಕ್ಕವ್ವ ಆಯಿ,

ಇಷ್ಟು ದಿನ ಬರೆಯಲಿಲ್ಲ. ಬರೆದು ಬರೆದು ಹರಿದೆ. ಇನ್ನು ಮುಂದೆ ಶಾಲೆಯ ವಿಳಾಸಕ್ಕೆ ಬರೆಯಬೇಡಿ, ಮನೆಯ ವಿಳಾಸವನ್ನು ಪಾಕೀಟಿನ ಹಿಂದೆ ಬರೆದಿದ್ದೇನೆ.

ತಾಯಿಯ ಜೊತೆ ಮಾತಾಡುವ ಹಾಗೆ ಬರೆಯಿರಿ ಎಂದಿರಿ. ನನ್ನ ತಾಯಿಯ ಹೆಸರು ದೇವಕ್ಕ. ತಂದೆ ಅರ್ಜುನಪ್ಪ. ನವಲಗುಂದದ ಕಡೆಯ ಒಂದು ಹಳ್ಳಿ, ಊರ ಹೊರಗಿನ ಓಣಿ. ನಮ್ಮ ಮನೆಯ ಗೋಡೆಯ ಮೇಲೂ ನೀವು ಹಾಕಿದ ಫೋಟೊನೇ ಇತ್ತು. ಇಷ್ಟು ಹೇಳಿದರೆ ನಿಮಗೆ ತಿಳಿಯುತ್ತದೆ. ನಾನೂ ನಿಮ್ಮವಳೇ.

ಚಹಾ ನೆನಪಿಲ್ಲ ಎಂದು ಬರೆದದ್ದು ಸುಳ್ಳು. ನೀವು ಯಾವೂರವರು ಎಂದು ಕೇಳಿದಿರಿ. ಊರು ಹೇಳಿದರೆ ಓಣಿ ಕೇಳುತ್ತೀರಿ, ಓಣಿ ಹೇಳಿದರೆ ಸಂಬಂಧ ಹುಡುಕುತ್ತೀರಿ, ನಾಳೆ ಆ ಸಂಬಂಧ ಹಿಡಿದುಕೊಂಡು ಶಾಲೆಗೆ ಬರುತ್ತೀರಿ. ಅಲ್ಲಿ ಯಾರಿಗೂ ನಾನು ಹೇಳಿರಲಿಲ್ಲ. ಹೆಸರು ಕೇಳಿದರೆ ತಿಳಿಯುವುದಿಲ್ಲ, ಮಾತು ಶುದ್ಧವಾಗಿದೆ, ಹೀಗೇ ನಡೆದುಕೊಂಡು ಬಂದಿತ್ತು. ನಿಮ್ಮ ಕೈಯನ್ನು ನಾನು ನೋಡಲಿಲ್ಲ ಆಯಿ. ಬಾಗಿಲನ್ನು ನೋಡುತ್ತಿದ್ದೆ.

ನಾನೂ ಏಳನೆಯದರಲ್ಲಿದ್ದಾಗ ಬೀಳ್ಕೊಡುಗೆಗೆ ಹೀಗೇ ಮನೆಯಿಂದ ತರಲು ಹೇಳಿದ್ದರು. ಅವ್ವ ಕರಿಗಡಬು ಮಾಡಿ ಹೊಸ ಡಬ್ಬಿಯಲ್ಲಿ ಕೊಟ್ಟಳು. ಎಲ್ಲರ ಡಬ್ಬಿ ಖಾಲಿಯಾದವು, ನನ್ನದಕ್ಕೆ ಯಾರೂ ಕೈ ಹಾಕಲಿಲ್ಲ. ಮಾಸ್ತರರೂ ಹಾಕಲಿಲ್ಲ. ಅವ್ವನಿಗೆ ಗೊತ್ತಾಗಬಾರದೆಂದು ಹಳ್ಳದ ದಂಡೆಗೆ ಕುಳಿತು ಎಲ್ಲವನ್ನೂ ನಾನೇ ತಿಂದು ವಾಂತಿ ಮಾಡಿಕೊಂಡೆ. ಮನೆಗೆ ಹೋಗಿ ‘ಎಲ್ಲಾರೂ ಭಾಳ ಛಲೋ ಅಂದ್ರವ್ವ’ ಎಂದೆ. ಅವಳು ಸಾಯುವವರೆಗೆ ಬಂದವರಿಗೆಲ್ಲ ಅದನ್ನೇ ಹೇಳಿಕೊಂಡು ನಕ್ಕಳು. ಅಂದಿನಿಂದ ನಾನು ಹೊರಗೆ ಮನೆಯ ಅಡುಗೆ ಒಯ್ದಿಲ್ಲ. ಅಂಗಡಿಯ ಪೇಢೆಗೆ ಜಾತಿ ಇಲ್ಲ.

ಪೂನಮ್ ಕೈ ಎತ್ತಿದಾಗ ನನಗೆ ಆ ಡಬ್ಬಿ ಕಂಡಿತು. ನಾನು ಅವಳನ್ನು ಉಳಿಸಿದೆ ಎಂದೇ ಇವತ್ತಿಗೂ ತಿಳಿದಿದ್ದೇನೆ. ಮಕ್ಕಳು ‘ಹೋ’ ಎಂದರು, ನಿಜ. ಅವು ಸಂಜೆ ಮನೆಗೆ ಹೋಗಿ ಹೇಳುತ್ತವೆ, ಮರುದಿನ ಬೇರೆ ಮುಖ ಹೊತ್ತು ಬರುತ್ತವೆ. ನನಗೆ ಗೊತ್ತು. ಮಗುವಿನ ಡಬ್ಬಿ ತುಂಬಿದ್ದು ತುಂಬಿದ ಹಾಗೆ ಮನೆಗೆ ಮರಳಿ ಬರುವುದನ್ನು ನೀವು ಕಂಡಿಲ್ಲ, ಅದಕ್ಕೇ ಹೀಗೆ ಬರೆಯುತ್ತೀರಿ.

ಇಲ್ಲಿಯೂ ನಾನು ಯಾರಿಗೂ ಹೇಳಿಲ್ಲ. ಪೂನಮ್‌ಗೆ ಹೇಳಬೇಡಿ. ಅವಳು ಸೌಮ್ಯಾಳಿಗೆ ಹೇಳುತ್ತಾಳೆ, ಅದು ಇಲ್ಲಿಗೂ ಮುಟ್ಟುತ್ತದೆ. ಓದಿ ಹರಿದುಬಿಡಿ.

ಪ್ರಭಾವತಿ


ಬೈರಿದೇವರಕೊಪ್ಪ
೯ ಸೆಪ್ಟೆಂಬರ್ ೨೦೨೫

ಪ್ರಭಾವತಿ,

ಟೀಚರ್ ಎನ್ನುವುದನ್ನು ಈ ಪತ್ರದಲ್ಲಿ ಬಿಟ್ಟಿದ್ದೇನೆ. ದೇವಕ್ಕನ ಮಗಳಿಗೆ ಬರೆಯುತ್ತಿದ್ದೇನೆ.

ನಿನ್ನ ಪತ್ರ ಓದುತ್ತ ಕುಳಿತೆ, ಹಂಚಿನ ಮೇಲಿನ ರೊಟ್ಟಿ ಹೊತ್ತಿತು. ಸೊಸೆ ಬಂದು ‘ಯಾಕ್ರಿ ಅತ್ತಿ, ಕಣ್ಣಾಗ ನೀರು’ ಎಂದಳು. ‘ಹೊಗಿ ಬಡೀತು’ ಎಂದೆ. ಗ್ಯಾಸಿನ ಒಲೆಗೆ ಎಲ್ಲಿಯ ಹೊಗೆ ಎಂದು ಅವಳು ಕೇಳಲಿಲ್ಲ, ನನ್ನ ಪುಣ್ಯ.

ನೀನು ಮೇಲಿನವಳು, ನಮ್ಮ ಚಹಾ ನಿನಗೆ ಮೈಲಿಗೆ ಎಂದುಕೊಂಡಿದ್ದೆ. ಹಾಗಿದ್ದಿದ್ದರೆ ಛಲೋ ಇತ್ತು. ಅಂಥವರನ್ನು ಬೈದು ಬೈದು ನನ್ನ ನಾಲಿಗೆಗೆ ದಾರಿ ಗೊತ್ತಿದೆ, ಬೈದು ನಿದ್ದೆ ಮಾಡುತ್ತೇನೆ. ನಿನ್ನನ್ನು ಯಾವ ದಾರಿಯಿಂದ ಬೈಯಬೇಕೋ ತಿಳಿಯುತ್ತಿಲ್ಲ. ಆದರೂ ಬಿಡುವುದಿಲ್ಲ.

ದೇವಕ್ಕನ ಕರಿಗಡಬು ಸಾಲೆಯವರೆಗೆ ಹೋಯಿತು. ಅದನ್ನು ಮುಟ್ಟದವರ ಮುಖಗಳನ್ನು ನೀನು ನೋಡಿದ್ದೀ, ಬೇಕಾದರೆ ಇವತ್ತೂ ಹೆಸರು ಹಿಡಿದು ಶಾಪ ಹಾಕಬಹುದು. ನನ್ನ ಹೋಳಿಗೆ ನಮ್ಮ ಹೊಸ್ತಿಲನ್ನೇ ದಾಟಲಿಲ್ಲ. ಪೂನಮ್ ಯಾರಿಗೆ ಶಾಪ ಹಾಕಬೇಕು? ಹುಡುಕಿ ಹುಡುಕಿ ಅವಳಿಗೆ ಸಿಕ್ಕಿದ್ದು ನನ್ನ ಕೈ.

ಆ ದಿನ ಯಾರಾದರೂ ಮೂಗು ಮುರಿಯುತ್ತಿದ್ದರೋ, ಸೌಮ್ಯಾಳಂಥವರು ಕಸಿದು ತಿನ್ನುತ್ತಿದ್ದರೋ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ನೀನು ಹೇಳಿದ ಹಾಗೆಯೇ ಆಗುತ್ತಿತ್ತು ಎಂದು ಇಟ್ಟುಕೋ. ಆದರೆ ಹೋ ಎಂದು ಕೂಗಿದವರು ಮಕ್ಕಳು. ಅವರಿಗೆ ಒಂದು ಸಲ ಉಣ್ಣಲು ಬಿಟ್ಟು ನೋಡಬೇಕಿತ್ತು. ಒಗ್ಗಟ್ಟಿನ ತರಗತಿ ಎಂದು ಬರೆದೆಯಲ್ಲ, ಆ ಒಗ್ಗಟ್ಟಿನ ಮೇಲೆ ನಿನಗೇ ಒಂದು ಹೋಳಿಗೆಯಷ್ಟು ನಂಬಿಕೆ ಇರಲಿಲ್ಲ. ಎಲ್ಲ ಮುಚ್ಚಿಟ್ಟು ‘ಕೂಡಿ ಕಳೆದ ವರ್ಷ’ ಎಂದು ಅಚ್ಚು ಹಾಕಿಸಿದೆ.

ಡಬ್ಬಿ ತುಂಬಿದ್ದು ತುಂಬಿದ ಹಾಗೆ ಮನೆಗೆ ಮರಳಿ ಬರುವುದನ್ನು ನಾನು ಕಂಡಿಲ್ಲ ಎಂದು ಬರೆದಿದ್ದೀ. ಇವತ್ತೂ ಬಂದಿದೆ. ಪಲ್ಯ ಹಳಸಿತ್ತು, ದನಕ್ಕೆ ಹಾಕಿದೆ. ನಿನ್ನವ್ವನಿಗೆ ಒಂದು ಸುಳ್ಳನ್ನಾದರೂ ಕೊಟ್ಟೆ, ಅವಳು ನಕ್ಕುಕೊಂಡು ಹೋದಳು. ನನ್ನ ಮೊಮ್ಮಗಳು ಸುಳ್ಳೂ ಹೇಳುವುದಿಲ್ಲ. ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋಗುತ್ತಾಳೆ.

ನಿನ್ನ ಪತ್ರ ಹರಿದಿಲ್ಲ. ನನ್ನ ಸೀರೆಯ ಮಡಿಕೆಯಲ್ಲಿದೆ. ನೀನು ಯಾರು ಎಂದು ಪೂನಮ್‌ಗೆ ನಾನು ಹೇಳುವುದಿಲ್ಲ, ಯಲ್ಲೇಶನಿಗೂ ಹೇಳಿಲ್ಲ. ಅದು ನಿನ್ನ ಬಾಯಿಯ ಮಾತು. ನಾನು ಆಡಿದರೆ ಅವಳು ನಂಬುವುದೂ ಇಲ್ಲ. ಆಯಿ ತನ್ನ ಕೈ ಉಳಿಸಿಕೊಳ್ಳಲು ಕಥೆ ಕಟ್ಟಿದಳು ಎನ್ನುತ್ತಾಳೆ. ಅವಳಿಗೆ ಇವತ್ತಿಗೂ ದೊಡ್ಡವರು ಎಂದರೆ ನೀನೇ. ಅದು ನನ್ನ ದುರ್ದೈವ.

ದಸರೆ ಮುಗಿದು ಸಾಲೆ ತೆರೆಯುವ ಮೊದಲಿನ ರವಿವಾರ ನಿಮ್ಮ ಏಳನೆಯವರು ಹಳೆಯ ಸಾಲೆಯಲ್ಲಿ ಕೂಡುತ್ತಾರಂತೆ. ನಿನ್ನನ್ನೂ ಕರೆದಿದ್ದಾರೆ ಎಂದು ಸೌಮ್ಯಾ ಹೇಳಿದಳು. ಪೂನಮ್ ಬರುವುದಿಲ್ಲ ಎಂದಿದ್ದಾಳೆ. ನೀನು ಅಲ್ಲಿಗೆ ಹೋಗುವ ಮೊದಲು ನಮ್ಮ ಮನೆಗೆ ಬಾ. ಪೇಢೆ ತರಬೇಡ. ದೇವಕ್ಕ ಮಾಡುತ್ತಿದ್ದ ಕರಿಗಡಬನ್ನು ನಿನ್ನ ಕೈಯಿಂದ ಮಾಡಿಕೊಂಡು ಬಾ. ಬಸ್ಸಿನಲ್ಲಿ ಒಡೆದು ಪುಡಿಯಾದರೂ ಆಗಲಿ. ಪೂನಮ್ ಎದುರು ಕುಳಿತು ಡಬ್ಬಿ ತೆರೆ, ಇದನ್ನು ಯಾರ ಮನೆಯವಳು ಮಾಡಿದ್ದು ಎಂದು ಹೇಳು. ಅವಳು ಕೈ ಹಾಕುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಬೇಡ ಎಂದರೂ ಅಂದಾಳು. ಆ ಹೆದರಿಕೆಯನ್ನು ಅವಳ ಪಾಲಿಗೆ ನೀನು ಎತ್ತಿಟ್ಟಿದ್ದೆ, ಈಗ ನೀನೇ ಹೊತ್ತುಕೊಂಡು ಬಾ.

ನಾನು ಚಹಾ ಇಡುತ್ತೇನೆ. ಕೆನೆ ಕಟ್ಟುವ ಮೊದಲು ಕುಡಿಯಬೇಕು.

ಬರದಿದ್ದರೆ ನಾನು ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ, ಆ ಭಯ ಬೇಡ. ಆದರೆ ಬರುವುದಿಲ್ಲ ಎಂಬುದನ್ನು ನಿನ್ನ ಕೈಯಿಂದಲೇ ಬರೆ, ಪೂನಮ್‌ಳ ಹೆಸರಿಗೆ ಬರೆ, ಕಾರಣ ಹಾಕಿ ಬರೆ. ‘ಲಗತ್ತಿಸಿದ್ದೇನೆ’ ಎಂದು ಫೋಟೊ ಕಳಿಸಬೇಡ. ಅಕ್ಟೋಬರ್ ಹುಟ್ಟುವುದರೊಳಗೆ ನಿನ್ನ ಉತ್ತರ ನನ್ನ ಈ ಕೈಯಲ್ಲಿ ಇರಬೇಕು.

ಅಕ್ಕವ್ವ